ಹೆಸರು ಅಳಿದ ಸನ್ನೆಗಳು

ನಾನು ಒಂದು ಹಾರ್ಡ್ ಡಿಸ್ಕ್. ಅಂಗೈ ಅಗಲ, ಎರಡು ಬೆರಳು ದಪ್ಪ, ಕಪ್ಪು ಮೈ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಹುಡುಕಿದರೂ ಒಂದು ಕಣ ಧೂಳು ಸಿಗುತ್ತಿರಲಿಲ್ಲ. ಮೈತುಂಬ ಬಿಳಿ ಬಟ್ಟೆ ಸುತ್ತಿಕೊಂಡು ಕಣ್ಣಷ್ಟೇ ಕಾಣುವ ಹೆಂಗಸರು ನನ್ನ ಹೊಟ್ಟೆಯಲ್ಲಿ ಕನ್ನಡಿಯಂಥ ಎರಡು ತಟ್ಟೆಗಳನ್ನಿಟ್ಟರು. ತಟ್ಟೆಗೆ ತಾಗದ ಹಾಗೆ, ಆದರೆ ತಾಗಿದಂತೆಯೇ ಓಡಾಡುವ ಒಂದು ಸಣ್ಣ ಕಡ್ಡಿಯನ್ನು ಕೂಡಿಸಿ ಮುಚ್ಚಳ ಬಿಗಿದರು. ತಟ್ಟೆ ತಿರುಗಬೇಕು, ಕಡ್ಡಿ ಬರೆಯಬೇಕು, ಕೇಳಿದಾಗ ಓದಿ ಹೇಳಬೇಕು. ನನಗೆ ಕಲಿಸಿದ ವಿದ್ಯೆ ಇಷ್ಟೇ. ಯಾವುದನ್ನು ಬರೆದುಕೊಳ್ಳಬೇಕು, ಯಾವುದನ್ನು ಬೇಡ ಎನ್ನಬೇಕು ಎಂದು ಆರಿಸುವ ಬುದ್ಧಿಯನ್ನು ಅವರು ಕೊಡಲಿಲ್ಲ. ಕೊಟ್ಟಿದ್ದರೆ ನಾನು ಇದನ್ನೆಲ್ಲ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಹುಬ್ಬಳ್ಳಿಯಿಂದ ಒಂದೂವರೆ ತಾಸು ಬಸ್ಸಿನ ದಾರಿಯಲ್ಲಿ ಒಂದು ತಾಲೂಕು ಊರು. ಅಲ್ಲಿಯ ಕಿವುಡ ಮಕ್ಕಳ ವಸತಿ ಶಾಲೆಗೆ ಯಾವುದೋ ಕಂಪನಿಯವರು ನಾಲ್ಕು ಹಳೆಯ ಕಂಪ್ಯೂಟರು ದಾನ ಕೊಟ್ಟರು. ಅವುಗಳ ಜೊತೆ ನಾನೂ ಬಂದೆ. ಗುಮಾಸ್ತ ನನ್ನ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ‘ಸಂಸ್ಥೆಯ ಸ್ವತ್ತು, ೪೭’ ಎಂದು ಬರೆದು ಕಪಾಟಿನಲ್ಲಿ ಇಟ್ಟ. ಆಟೋಟದ ಕಪ್ಪುಗಳು, ಸನ್ಮಾನದ ಶಾಲುಗಳು, ಬ್ಯಾಟರಿ ಸತ್ತ ಕಿವಿಯ ಯಂತ್ರಗಳು, ಇವುಗಳ ನಡುವೆ ಒಂದು ವರ್ಷ ಬಿದ್ದುಕೊಂಡಿದ್ದೆ. ಅಲ್ಲಿಂದ ನನ್ನನ್ನು ಹೊರಗೆ ತೆಗೆದವಳು ಕಸ್ತೂರಿ ಬಡಿಗೇರ.

ಕಸ್ತೂರಿ ಆ ಶಾಲೆಯ ಮೂರನೇ ಈಯತ್ತೆಯ ಟೀಚರು. ಆ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಎನ್ನುತ್ತಾರೆ. ಅವಳಿಗೆ ಆಗ ನಲವತ್ತರ ಹತ್ತಿರ ವಯಸ್ಸು. ಮನೆಯಲ್ಲಿ ಇದ್ದವರು ಅವಳು ಮತ್ತು ಅವಳ ತಾಯಿ ನೀಲವ್ವ, ಇಬ್ಬರೇ. ನೀಲವ್ವ ಹುಟ್ಟು ಕಿವುಡಿ, ಮಾತೂ ಬರುತ್ತಿರಲಿಲ್ಲ. ಹಾಗಾಗಿ ಕಸ್ತೂರಿ ಬಾಯಿಯ ಮಾತಿಗಿಂತ ಮೊದಲು ಕೈಯ ಮಾತು ಕಲಿತಳು. ಹಸಿವೆಯಾದರೆ ಅತ್ತು ಉಪಯೋಗವಿಲ್ಲ, ಅವ್ವನ ಕಣ್ಣೆದುರು ಹೋಗಿ ಕೈ ಆಡಿಸಬೇಕು ಎಂಬುದು ಅವಳಿಗೆ ಒಂದೂವರೆ ವರ್ಷಕ್ಕೇ ತಿಳಿದಿತ್ತಂತೆ.

ನನ್ನನ್ನು ಯಾಕೆ ತೆಗೆಸಿದಳು ಎಂಬುದನ್ನು ಅವಳು ಫಕ್ಕೀರೇಶನಿಗೆ ಹೇಳಿದಾಗ ನಾನು ಕೇಳಿಸಿಕೊಂಡೆ. ಫಕ್ಕೀರೇಶ ಎಂದರೆ ಆ ಶಾಲೆಗೆ ವರ್ಷ ವರ್ಷದ ಕರಾರಿನ ಮೇಲೆ ಬರುತ್ತಿದ್ದ ಕಂಪ್ಯೂಟರ್ ಮಾಸ್ತರ.

“ಅವ್ವಗ ಹೊಟ್ಟಿನೋವು ಅಂತ ದವಾಖಾನಿಗೆ ಕರ್ಕೊಂಡು ಹೋಗಿದ್ದೆ. ಚೀಟಿ ಮಾಡ್ಸಾಕ ನಾ ಸರತಿಗೆ ನಿಂತೆ. ಅಷ್ಟರಾಗ ಸನ್ನಿ ಭಾಷಾ ಕಲ್ತು ಬಂದಾರ ಅಂತ ಒಬ್ಬರನ್ನ ಕರಸ್ಯಾರ. ಅವರು ಪುಸ್ತಕದಾಗಿನ ಸನ್ನಿ ಮಾಡ್ಯಾರ, ಅವ್ವ ತನ್ನ ಸನ್ನಿ ಮಾಡ್ಯಾಳ. ಒಬ್ಬರದು ಒಬ್ಬರಿಗೆ ತಿಳಿದಿಲ್ಲ. ನಾ ಬಂದು ನೋಡಿದ್ರ ಕಾಗದದ ಮ್ಯಾಲ ಬರ್ದಾರ, ಇವರಿಗೆ ಯಾವುದೇ ಭಾಷೆ ಇಲ್ಲ ಅಂತ.”

ಫಕ್ಕೀರೇಶ “ಹಂಗಾರ ಐತಿ ಅಂತ ತೋರಿಸೂಣ್ರಿ ಅಕ್ಕೋರ” ಎಂದ.

ಕೆಲಸ ಶುರುವಾದದ್ದು ಹೀಗೆ. ಆ ಊರಿನಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಶಾಲೆಯ ಮುಖ ಕಾಣದ ಕಿವುಡರು ಹದಿನೈದು ಇಪ್ಪತ್ತು ಜನ ಇದ್ದರು. ಸಂತೆಯಲ್ಲಿ, ಮಗ್ಗದ ಮನೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ತಮ್ಮತಮ್ಮಲ್ಲೇ ಆಡುತ್ತ ಅವರು ಕಟ್ಟಿಕೊಂಡಿದ್ದ ಸನ್ನೆಗಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಕಸ್ತೂರಿ ಪ್ರತಿ ಭಾನುವಾರ ಅವರನ್ನು ಶಾಲೆಗೆ ಕರೆದಳು. ಕಿಟಕಿಯ ಬೆಳಕಿಗೆ ಒಬ್ಬೊಬ್ಬರನ್ನೇ ಕೂಡಿಸಿ, ಒಂದು ಸನ್ನೆಗೆ ಒಂದು ಚಿಕ್ಕ ವಿಡಿಯೋ ತೆಗೆದಳು. ಎಲ್ಲಕ್ಕಿಂತ ಹೆಚ್ಚು ಸನ್ನೆ ಗೊತ್ತಿದ್ದವರು ಇಬ್ಬರು, ಎಷ್ಟೋ ಹಳೆಯ ಸನ್ನೆಗಳು ಅವರಿಬ್ಬರಿಗಷ್ಟೇ ಗೊತ್ತಿದ್ದವು. ಒಬ್ಬಳು ನೀಲವ್ವ. ಇನ್ನೊಬ್ಬ ಮೌಲಾಸಾಬ ಎಂಬ ಎಪ್ಪತ್ತರ ದರ್ಜಿ. ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬರುತ್ತಿದ್ದ.

ಎಂಥ ಸನ್ನೆಗಳು ಅವು. ಮಂಗಳವಾರ ಎನ್ನಲು ಗದ್ದ ಕೆರೆದಂತೆ ಮಾಡಿ ಕೈ ಅಡ್ಡ ಆಡಿಸುತ್ತಿದ್ದರು, ಅಂದು ಕ್ಷೌರದಂಗಡಿ ಮುಚ್ಚಿರುತ್ತದೆ ಎಂದು. ಸೋಮವಾರಕ್ಕೆ ಚೀಲದ ಬಾಯಿ ಕಟ್ಟುವ ಕೈ, ಅದು ಸಂತೆಯ ದಿನ. ಸುಳ್ಳು ಎನ್ನಲು ಮೌಲಾಸಾಬ ದಾರವಿಲ್ಲದ ಸೂಜಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ. ತವರುಮನೆ ಎನ್ನಲು ನೀಲವ್ವ ಸೆರಗಿನ ತುದಿಯನ್ನು ಗಂಟು ಹಾಕಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಶಾಲೆಯ ಕಾರ್ಯದರ್ಶಿ ಶೇಖರಪ್ಪ ಯಲಿಗಾರರಿಗೂ ಒಂದು ಸನ್ನೆ ಇತ್ತು: ಇಲ್ಲದ ಶಾಲನ್ನು ಹೆಗಲ ಮೇಲೆ ಮೂರು ಸಲ ಸರಿಮಾಡಿಕೊಳ್ಳುವುದು. ಅದನ್ನು ತೆಗೆಯುವಾಗ ಕಸ್ತೂರಿಯ ಕೈ ನಡುಗಿ ಚಿತ್ರವೂ ನಡುಗಿದೆ. ನಕ್ಕಿದ್ದಳು.

ಒಮ್ಮೆ ‘ಬೇಸರ’ದ ಸನ್ನೆ ಯಾವುದು ಎಂದು ನೀಲವ್ವನಿಗೂ ಮೌಲಾಸಾಬನಿಗೂ ಅರ್ಧ ತಾಸು ಜಗಳವಾಯಿತು. ಒಂದು ಸದ್ದಿಲ್ಲ. ನಾಲ್ಕು ಕೈಗಳು ಗಾಳಿಯನ್ನು ಕುಟ್ಟುತ್ತಿದ್ದವು. ಕೊನೆಗೆ ಕಸ್ತೂರಿ ಎರಡನ್ನೂ ತೆಗೆದು ‘ಬೇಸರ ಒಂದು’, ‘ಬೇಸರ ಎರಡು’ ಎಂದು ಹೆಸರಿಟ್ಟಳು. ಎರಡು ವರ್ಷದಲ್ಲಿ ಸಾವಿರದ ನೂರಾ ನಲವತ್ತು ವಿಡಿಯೋಗಳಾದವು. ಒಂದೊಂದಕ್ಕೂ ಆ ಸನ್ನೆಯ ಅರ್ಥವೇ ಕನ್ನಡದಲ್ಲಿ ಹೆಸರು. ಹೆಸರು ಓದದಿದ್ದರೆ ಅದು ಏನು ಹೇಳುತ್ತದೆಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ.

ಅವೆಲ್ಲ ನನ್ನೊಳಗೆ ಬಂದದ್ದು ಕಪ್ಪು ಪರದೆಯ ದಾರಿಯಿಂದ. ದಾನದ ಕಂಪ್ಯೂಟರುಗಳು ಹಳೆಯವು. ಮೌಸಿನಲ್ಲಿ ಹಿಡಿದೆಳೆದು ನೂರು ಫೈಲು ಹಾಕಿದರೆ ಉಸಿರು ಕಟ್ಟಿ ನಿಂತುಬಿಡುತ್ತಿದ್ದವು. ಫಕ್ಕೀರೇಶ ಅವಳಿಗೆ ಆಜ್ಞೆ ಬೆರಳಚ್ಚು ಮಾಡಿ ಕೆಲಸ ಮಾಡಿಸುವುದನ್ನು ಕಲಿಸಿದ.

“ಸಿಪಿ ಅಂದ್ರ ನಕಲು. ಎಂವಿ ಅಂದ್ರ ಜಾಗಾ ಬದಲು. ನಕಲು ಮಾಡಿದ್ರ ಇಲ್ಲೂ ಇರ್ತೈತಿ, ಅಲ್ಲೂ ಇರ್ತೈತಿ. ಜಾಗಾ ಬದಲು ಮಾಡಿದ್ರ ಅಲ್ಲಷ್ಟ. ನಿಮಗ ಎಂವಿ ಬ್ಯಾಡ್ರಿ ಅಕ್ಕೋರ. ಮೊದಲ ನಕಲು ಮಾಡ್ರಿ, ತೆರೆದು ನೋಡ್ರಿ, ಆಮ್ಯಾಲ ಹಳೇದು ಅಳಸ್ರಿ.”

ಕಸ್ತೂರಿಗೆ ಇದು ಬಹಳ ಹಿಡಿಸಿತು. “ಇದೂ ಸನ್ನಿ ಇದ್ದಂಗ ಐತಲ್ಲೋ. ಒಂದು ಗುರುತು, ಒಂದು ಅರ್ಥ” ಎಂದಳು.

ಫಕ್ಕೀರೇಶ ಅವಳಿಗಾಗಿ ನಾಲ್ಕು ಸಾಲಿನ ಒಂದು ಆಜ್ಞಾಪಟ್ಟಿ ಬರೆದುಕೊಟ್ಟ. ಅದನ್ನು ಓಡಿಸಿದರೆ ಫೈಲುಗಳು ಒಂದೊಂದಾಗಿ ಹೋಗುತ್ತಿದ್ದವು, ಹೋದದ್ದರ ಹೆಸರು ಪರದೆಯ ಮೇಲೆ ಮೂಡುತ್ತಿತ್ತು. ನಡುವೆ ಕರೆಂಟು ಹೋದರೆ ಎಲ್ಲಿಗೆ ನಿಂತಿತು ಎಂದು ತಿಳಿಯಲಿ ಎಂದು ಹಾಗೆ ಮಾಡಿದ್ದ. ಕಸ್ತೂರಿ ಅದನ್ನು ನೋಟ್‌ಬುಕ್ಕಿನಲ್ಲೂ ಬರೆದಿಟ್ಟುಕೊಂಡಳು. ಭಾನುವಾರ ತೆಗೆದದ್ದನ್ನು ಸೋಮವಾರ ಫೋನಿನಿಂದ ನನಗೆ ನಕಲು ಮಾಡಿ, ತೆರೆದು ನೋಡಿ, ಫೋನು ಖಾಲಿ ಮಾಡುವಳು. ಎರಡು ವರ್ಷ ಒಂದು ತಪ್ಪೂ ಮಾಡಲಿಲ್ಲ. ಇದನ್ನು ಯಾರೂ ಹೇಳದಿದ್ದರೂ ನಾನು ಹೇಳಬೇಕು.

ಎಲ್ಲವೂ ನನ್ನೊಬ್ಬನಲ್ಲೇ ಇವೆ, ನನಗೇನಾದರೂ ಆದರೆ ಮುಗಿಯಿತು ಎಂಬುದು ಅವಳಿಗೆ ಗೊತ್ತಿತ್ತು. ಇನ್ನೊಂದು ಡಿಸ್ಕ್ ಬೇಕೆಂದು ಕಾರ್ಯದರ್ಶಿಗೆ ಮೂರು ಸಲ ಅರ್ಜಿ ಬರೆದಳು. ಶೇಖರಪ್ಪ ಕೆಟ್ಟ ಮನುಷ್ಯನೇನಲ್ಲ. ನಗುನಗುತ್ತ ಮಾತಾಡುವವರು. ಮೂರು ಸಲವೂ “ಮಾಡೂಣ್ರಿ, ಮಾಡೂಣ್ರಿ” ಎಂದರು. ಶಾಲೆಯ ಪಾಠವೇ ಪುಸ್ತಕದ ಸನ್ನೆಯಲ್ಲಿ ನಡೆಯುವಾಗ ಮುದುಕರ ಕೈಯಾಟ ಯಾಕೆ ಎಂಬುದು ಅವರಿಗೆ ಅರ್ಥವಾಗಿರಲಿಲ್ಲ. ಅರ್ಥವಾಗಲಿಲ್ಲ ಎಂದು ಹೇಳುವ ಅಭ್ಯಾಸವೂ ಅವರಿಗಿರಲಿಲ್ಲ.

ಮೂರನೆಯ ವರ್ಷ ಫಕ್ಕೀರೇಶನ ಕರಾರು ಮುಗಿಯಿತು, ಮತ್ತೆ ಮಾಡಲಿಲ್ಲ. ಅವನು ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟ. ಅದೇ ಬೇಸಿಗೆಯಲ್ಲಿ ಮೌಲಾಸಾಬ ತೀರಿಕೊಂಡ. ಮಳೆಗಾಲ ಮುಗಿಯುವಷ್ಟರಲ್ಲಿ ನೀಲವ್ವನಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಮಾತು ಬಲ್ಲವರಿಗೆ ನಾಲಗೆ ಬಿದ್ದುಹೋದರೆ ಹೇಗೋ ಹಾಗೆ. ಎಡಗೈಯಲ್ಲಿ ನೀರು, ಊಟ, ನೋವು ಎನ್ನುತ್ತಿದ್ದಳಂತೆ. ಎರಡು ಕೈ ಬೇಕಾದ ಮಾತುಗಳೆಲ್ಲ ಅವಳೊಳಗೇ ಉಳಿದವು. ಆ ದಿನಗಳಲ್ಲಿ ಕಸ್ತೂರಿ ಊಟದ ಬಿಡುವಿನಲ್ಲಿ ಬಂದು ನನ್ನನ್ನು ಕಂಪ್ಯೂಟರಿಗೆ ಜೋಡಿಸಿ ಅವ್ವನ ನಾಲ್ಕಾರು ವಿಡಿಯೋ ನೋಡಿ ಹೋಗುತ್ತಿದ್ದಳು. ಇವು ಇವೆಯಲ್ಲ ಎಂಬ ಧೈರ್ಯ ಅವಳ ಮುಖದಲ್ಲಿ ಕಾಣುತ್ತಿತ್ತು.

ಆ ವರ್ಷವೇ ಶಾಲೆಗೆ ಬೆಳ್ಳಿಹಬ್ಬ. ಮಂತ್ರಿಗಳು ಬರುತ್ತಾರೆಂದು ಗೋಡೆಗೆ ಬಣ್ಣ, ಅಂಗಳಕ್ಕೆ ಫರಸಿ ಕಲ್ಲು, ಹೊಸ ಕಂಪ್ಯೂಟರು, ಎಲ್ಲ ಬಂದವು. ಹೊಸ ಕಂಪ್ಯೂಟರಿನಲ್ಲಿ ಜಾಗ ಬೇಕಾದಷ್ಟು ಇತ್ತು. ಶನಿವಾರ ಮಧ್ಯಾಹ್ನ ಬಿಡುವು ಸಿಗುತ್ತದೆ, ಅಂದು ಎಲ್ಲದರ ಎರಡನೇ ನಕಲು ಅದರಲ್ಲಿ ಇಡುತ್ತೇನೆ ಎಂದು ಕಸ್ತೂರಿ ಫಕ್ಕೀರೇಶನಿಗೆ ಫೋನಿನಲ್ಲಿ ಹೇಳಿದಳು.

ಗುರುವಾರವೇ ಶೇಖರಪ್ಪ ಕ್ಲಾಸಿನ ಬಾಗಿಲಿಗೆ ಬಂದರು.

“ಬಡಿಗೇರ ಅಕ್ಕೋರ, ಆ ಕರೀ ಡಬ್ಬಿ ಬೇಕಾಗೈತಿ ನೋಡ್ರಿ. ಇವತ್ತು, ನಾಳೆ ಎರಡು ದಿನದ ಕಾರ್ಯಕ್ರಮ, ಮೂರು ಕ್ಯಾಮೆರಾ. ಸ್ಟುಡಿಯೋದ ಪರಪ್ಪ ತುಂಬಿಕೊಳ್ಳಾಕ ಜಾಗಾ ಇಲ್ಲ ಅಂತಾನ.”

“ಅದರಾಗ ಸನ್ನಿ ವಿಡಿಯೋ ಅದಾವ್ರಿ ಸರ. ಎರಡು ದಿನಾ ಕೊಡ್ರಿ, ಬ್ಯಾರೆ ಕಡೆ ಇಟ್ಟು ಕೊಡ್ತೀನಿ.”

“ಎರಡು ದಿನದಾಗ ಹಬ್ಬನ ಮುಗೀತೈತಿ. ಸಾಹೇಬರು ನಾಲ್ಕಕ್ಕ ಬರ್ತಾರ. ಊಟದೊಳಗ ಖಾಲಿ ಮಾಡಿ ಕೊಡ್ರಿ. ಅದು ಸಂಸ್ಥೇದು ಐತಲ್ರಿ, ಮನೀದಲ್ಲ.”

ಹೇಳಿ ನಕ್ಕು ಹೋದರು. ಆಗ ಹತ್ತೂವರೆ. ಹನ್ನೊಂದಕ್ಕೆ ಮಕ್ಕಳಿಗೆ ಸ್ವಾಗತದ ಸಾಲಿನಲ್ಲಿ ನಿಲ್ಲುವುದನ್ನು ಕಲಿಸಬೇಕಿತ್ತು. ನಕಲು ಮಾಡಿ, ಒಂದೊಂದನ್ನೂ ತೆರೆದು ನೋಡಿ, ಆಮೇಲೆ ಅಳಿಸುವಷ್ಟು ಹೊತ್ತು ಅವಳಿಗಿರಲಿಲ್ಲ. ಎಂವಿ ಆದರೆ ಒಂದೇ ಆಜ್ಞೆಯಲ್ಲಿ ಅಲ್ಲಿ ತುಂಬುತ್ತದೆ, ಇಲ್ಲಿ ಖಾಲಿಯಾಗುತ್ತದೆ. ಹೊಸ ಕಂಪ್ಯೂಟರಿನಲ್ಲಿ ‘ಸನ್ನೆಗಳು’ ಎಂದು ಒಂದು ಫೋಲ್ಡರು ಮಾಡಿದಳು. ಫಕ್ಕೀರೇಶನ ಪಟ್ಟಿಯಲ್ಲಿ ಸಿಪಿ ಇದ್ದಲ್ಲಿ ಎಂವಿ ಎಂದು ತಿದ್ದಿದಳು. ಹೋಗಬೇಕಾದ ಜಾಗದ ಹೆಸರು ಬರೆಯುವಲ್ಲಿ, ಅವಸರಕ್ಕೆ, ‘ಸನ್ನೆ’ ಎಂದಷ್ಟೇ ಬರೆದಳು.

ಕಂಪ್ಯೂಟರು ಮನುಷ್ಯರ ಹಾಗೆ, ಇವಳು ಅದನ್ನೇ ಹೇಳುತ್ತಿರಬೇಕು ಎಂದು ಊಹಿಸುವುದಿಲ್ಲ. ‘ಸನ್ನೆ’ ಎಂಬ ಫೋಲ್ಡರು ಅಲ್ಲಿರಲಿಲ್ಲ. ಹಾಗಾದರೆ ಹೋಗುವ ಫೈಲಿಗೇ ಆ ಹೊಸ ಹೆಸರು ಇಡಬೇಕು ಎಂದು ಅದು ತಿಳಿಯಿತು. ಮೊದಲನೆಯದು ‘ಅಂಗಡಿ’ ಹೋಯಿತು, ಅಲ್ಲಿ ‘ಸನ್ನೆ’ ಎಂಬ ಹೆಸರು ಹೊತ್ತು ಕೂತಿತು. ಎರಡನೆಯದು ‘ಅಂಗಿ’ ಹೋಯಿತು. ಅದಕ್ಕೂ ‘ಸನ್ನೆ’ ಎಂದೇ ಹೆಸರು. ಮೊದಲಿನದನ್ನು ಒರಸಿ ಅದರ ಜಾಗದಲ್ಲೇ ಕೂತಿತು. ಮೂರನೆಯದು ಎರಡನೆಯದನ್ನು ಒರಸಿತು. ಒಂದೊಂದು ಅತ್ತ ತಲುಪಿದ ಕೂಡಲೇ ನನ್ನ ಯಾದಿಯಿಂದ ಅದರ ಹೆಸರು ಹೊಡೆದು ಹಾಕಬೇಕೆಂದು ನನಗೆ ಆಜ್ಞೆ ಬರುತ್ತಿತ್ತು. ಹೊಡೆದು ಹಾಕುತ್ತ ಹೋದೆ. ಪರದೆಯ ಮೇಲೆ ಹೆಸರುಗಳು ಮೂಡುತ್ತ ಮೇಲೇರುತ್ತಿದ್ದವು: ಅಕ್ಕ, ಅಕ್ಕಿ, ಅಗಸಿ, ಅಜ್ಜ. ಕಸ್ತೂರಿ ಒಂದೆರಡು ನಿಮಿಷ ನೋಡಿ, ಸರಿಯಾಗಿ ಹೋಗುತ್ತಿವೆ ಎಂದು ಸಮಾಧಾನಪಟ್ಟು ಮಕ್ಕಳ ಕಡೆ ಹೋದಳು.

ಒಂದು ತಾಸಿನ ಮೇಲೆ ಬಂದಾಗ ಎಲ್ಲ ಮುಗಿದಿತ್ತು. ನನ್ನನ್ನು ತೆರೆದು ನೋಡಿದಳು. ಖಾಲಿ. ಖಾಲಿಯಾಗಬೇಕಿತ್ತು, ಆಗಿದೆ. ಗುಮಾಸ್ತ ಬಾಗಿಲಲ್ಲೇ ನಿಂತಿದ್ದ. ನನ್ನನ್ನು ಅವನ ಕೈಗೆ ಕೊಟ್ಟಳು. ಶೇಖರಪ್ಪನವರ ಮೇಜಿನ ಮೇಲೆ ಹಾರದ ಬುಟ್ಟಿಯ ಪಕ್ಕ ನನ್ನನ್ನು ಇಟ್ಟರು.

ಕಾಲು ತಾಸು ಆಗಿರಬೇಕು, ಕಸ್ತೂರಿ ಓಡುತ್ತ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ‘ಸನ್ನೆಗಳು’ ಫೋಲ್ಡರನ್ನು ತೆರೆದಿದ್ದಳಂತೆ, ಅದರಲ್ಲಿ ಏನೂ ಇರಲಿಲ್ಲ. ಅದರ ಪಕ್ಕದಲ್ಲಿ ‘ಸನ್ನೆ’ ಎಂಬ ಒಂದೇ ಒಂದು ಫೈಲು. ತೆರೆದರೆ ನೀಲವ್ವ. ಮುಷ್ಟಿಯನ್ನು ಎದೆಗೆ ಮೆಲ್ಲಗೆ ತಾಗಿಸಿ ತಲೆ ಬಾಗಿಸುತ್ತಾಳೆ. ಅಕ್ಷರಗಳ ಸಾಲಿನಲ್ಲಿ ಎಲ್ಲಕ್ಕಿಂತ ಕೊನೆಗೆ ಬರುವ ಮಾತು ಅದು: ‘ಹೌದು’. ‘ಇಲ್ಲ’ ಮೊದಲ ಐದು ನಿಮಿಷದಲ್ಲೇ ಹೋಗಿತ್ತು.

ಅವಳು ಅಳಲಿಲ್ಲ. ಫಕ್ಕೀರೇಶನಿಗೆ ಫೋನು ಹಚ್ಚಿ, ಶೇಖರಪ್ಪನವರಿಗೂ ಕೇಳಲಿ ಎಂದು ದನಿ ದೊಡ್ಡದು ಮಾಡಿ ಮೇಜಿನ ಮೇಲಿಟ್ಟಳು. ಆದದ್ದನ್ನೆಲ್ಲ ಹೇಳಿದಳು.

“ಅಕ್ಕೋರ, ಹೆದರಬ್ಯಾಡ್ರಿ” ಎಂದ ಫಕ್ಕೀರೇಶ. “ಕಂಪ್ಯೂಟರಿನ್ಯಾಗಿಂದು ಹೋತು. ಆದ್ರ ಡಿಸ್ಕಿನ್ಯಾಗ ಹೆಸರಷ್ಟ ಹೋಗ್ಯಾವ, ಮಾಲು ಒಳಗ ಐತಿ. ಅದರ ಮ್ಯಾಲ ಮಾತ್ರ ಒಂದು ಅಕ್ಷರನೂ ಬರೀಬಾರದು. ತಗದು ಇಟ್ಟುಬಿಡ್ರಿ. ನಾ ನಾಳೆ ಮೊದಲನೇ ಬಸ್ಸಿಗೆ ಬರ್ತೀನಿ.”

ಶೇಖರಪ್ಪ ಬಗ್ಗಿ ಕೇಳಿದರು: “ನಾ ಯಲಿಗಾರ ಮಾತಾಡೋದು. ವಾಪಸ್ ಬರ್ತಾವೇನಪಾ ಖರೇನ?”

“ನೂರರಾಗ ತೊಂಬತ್ತು ಬರ್ತಾವ್ರಿ ಸರ. ಬರೀಲಿಲ್ಲ ಅಂದ್ರ.”

“ಆತು ಬಿಡು” ಎಂದು ಅವರು ನನ್ನನ್ನು ಎತ್ತಿ ಮೇಜಿನ ಖಾನೆಯೊಳಗೆ ಇಟ್ಟರು. “ಹೋಗ್ರಿ ಅಕ್ಕೋರ, ಮಕ್ಕಳನ್ನ ನಿಲ್ಲಸ್ರಿ. ಇದು ಇಲ್ಲೇ ಇರ್ತೈತಿ.”

ಕಸ್ತೂರಿ ಕೈ ಮುಗಿದು ಹೋದಳು. ಫಕ್ಕೀರೇಶ ಹೇಳಿದ್ದು ನಿಜ. ನನ್ನ ತಟ್ಟೆಗಳ ಮೇಲೆ ಎಲ್ಲವೂ ಇದ್ದಲ್ಲೇ ಇದ್ದವು. ಮೌಲಾಸಾಬ ದಾರವಿಲ್ಲದೆ ಹೊಲಿಯುತ್ತಿದ್ದ, ನೀಲವ್ವ ಸೆರಗು ಗಂಟು ಹಾಕುತ್ತಿದ್ದಳು. ಬಾಗಿಲ ಮೇಲಿನ ಹೆಸರನ್ನಷ್ಟೇ ಅಳಿಸಿದ್ದರು, ಮನೆಯೊಳಗೆ ಜನ ಇದ್ದರು. ಹಾಗೆ ಅವರು ಇನ್ನು ಎರಡು ತಾಸು ಇದ್ದರು.

ಎರಡೂವರೆಗೆ ಸ್ಟುಡಿಯೋದ ಪರಪ್ಪ ಬಂದ. “ಡಿಸ್ಕ್ ಕೊಡ್ರಿ ಸರ. ಕಾರ್ಡು ತುಂಬ್ಯಾವ, ಖಾಲಿ ಮಾಡ್ಕೊಂಡ್ರ ಸಾಹೇಬರು ಬರೂದು ಸಿಗ್ತೈತಿ.”

“ಬ್ಯಾರೆ ಇಲ್ಲೇನು?”

“ಹುಬ್ಬಳ್ಳಿಯಿಂದ ತರಿಸಬೇಕ್ರಿ. ಐದಾಗ್ತೈತಿ.”

ಶೇಖರಪ್ಪ ಖಾನೆ ಎಳೆದು ನನ್ನನ್ನು ಕೈಯಲ್ಲಿ ಹಿಡಿದರು. ಆಗ ಅವರ ಮುಖವನ್ನು ಕೆಳಗಿನಿಂದ ನೋಡಿದೆ. ನಗು ಇರಲಿಲ್ಲ. ಅವರಿಗೆ ಗೊತ್ತಿತ್ತು, ತಿಳಿಯದೆ ಮಾಡಿದರು ಎಂದು ನಾನು ಹೇಳಲಾರೆ. ಹೊರಗೆ ಮೈಕಿನಲ್ಲಿ ಯಾರೋ ಹಲೋ ಹಲೋ ಎನ್ನುತ್ತಿದ್ದರು. ಶಾಲನ್ನು ಒಮ್ಮೆ ಸರಿಮಾಡಿಕೊಂಡರು.

“ತಗೊ. ಕೈ ಆಡಸೋ ವಿಡಿಯೋ, ಮತ್ತ ತಕ್ಕೊಂಡ್ರಾತು” ಎಂದರು.

ಆ ಎರಡು ದಿನ ನನ್ನ ಮೇಲೆ ಬರೆದದ್ದೇ ಬರೆದದ್ದು. ಮಂತ್ರಿಗಳ ಕಾರು ಬಂದು ‘ಸೋಮವಾರ’ದ ಮೇಲೆ ನಿಂತಿತು. ಅವರ ಕೊರಳಿನ ಹಾರ ‘ತವರುಮನೆ’ಯ ಮೇಲೆ ಬಿತ್ತು. ಮೂರು ಕ್ಯಾಮೆರಾದವರೂ ಒಂದೇ ಹಾರವನ್ನು ಮೂರು ಕಡೆಯಿಂದ ತೆಗೆದಿದ್ದರು. ಮಾತು ಬಾರದವರ ದನಿಯಾಗಬೇಕು ಎಂದು ಒಬ್ಬರು ನಲವತ್ತು ನಿಮಿಷ ಭಾಷಣ ಮಾಡಿದರು. ಮಕ್ಕಳು ಬಿಸಿಲಿಗೆ ಮುಖ ಕೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದವು. ಒಂದು ಮೂಲೆಯಲ್ಲಿ ಕಸ್ತೂರಿ ನಿಂತು ಆ ಭಾಷಣವನ್ನು ಕೈಯಲ್ಲಿ ಹೇಳತೊಡಗಿದಳು. ಚಿತ್ರದಲ್ಲಿ ಅಡ್ಡ ಬರುತ್ತೀರಿ ಎಂದು ಗುಮಾಸ್ತ ಬಂದು ಪಕ್ಕಕ್ಕೆ ಕರೆದೊಯ್ದ. ಅದೂ ನನ್ನಲ್ಲಿ ದಾಖಲಾಯಿತು. ತಟ್ಟೆ ತಿರುಗಿತು, ಕಡ್ಡಿ ಬರೆಯಿತು. ಬೇಡ ಎನ್ನಲು ನನಗೆ ಬರುತ್ತಿರಲಿಲ್ಲ.

ಇದರ ನಡುವೆ, ಶುಕ್ರವಾರ ಬೆಳಿಗ್ಗೆ, ಫಕ್ಕೀರೇಶ ಹೆಗಲಿಗೆ ಚೀಲ ಹಾಕಿಕೊಂಡು ಬಂದ. ಖಾನೆಯಲ್ಲಿ ನಾನಿರಲಿಲ್ಲ. ಪರಪ್ಪನ ಮೇಜಿನ ಮೇಲೆ, ಕ್ಯಾಮೆರಾದ ತಂತಿಗಳ ನಡುವೆ ಸಿಕ್ಕೆ. ಅವನು ನನ್ನಲ್ಲಿ ಎಷ್ಟು ತುಂಬಿದೆ ಎಂದು ನೋಡಿದ. ಹಿಂದೆ ನಿಂತಿದ್ದ ಕಸ್ತೂರಿಯ ಕಡೆ ತಿರುಗಲು ಅವನಿಗೆ ಬಹಳ ಹೊತ್ತು ಬೇಕಾಯಿತು.

ಇಬ್ಬರೂ ನನ್ನನ್ನು ಹಿಡಿದುಕೊಂಡು ಶೇಖರಪ್ಪನವರ ಕೋಣೆಗೆ ಹೋದರು. ಫಕ್ಕೀರೇಶ ದನಿ ಏರಿಸಿದ. ಶೇಖರಪ್ಪ ಏರಿಸಲಿಲ್ಲ.

“ಅಕ್ಕೋರ, ಒಂದು ಮಾತು ಕೇಳ್ತೀನಿ. ಅಳಿಸಿದವ್ರು ನಾನೋ, ನೀವೋ? ನಿಮ್ಮ ಕೈಲೆ ಆಗಿದ್ದು ಹೌದೋ ಅಲ್ಲೋ?”

ಕಸ್ತೂರಿ ನೆಲ ನೋಡಿದಳು. “ಹೌದ್ರಿ” ಎಂದಳು.

“ಮತ್ತ? ನಾ ಖಾಲಿ ಡಬ್ಬಿ ಕೊಟ್ಟೀನಿ ಪರಪ್ಪಗ. ಖಾಲಿ ಅಂತ ನೀವ ಕೊಟ್ಟೀರಿ.” ಎರಡನೇ ದಿನದ ಕಾರ್ಯಕ್ರಮ ತುಂಬಿಕೊಳ್ಳಲಿ ಎಂದು ನನ್ನನ್ನು ಮತ್ತೆ ಪರಪ್ಪನಿಗೇ ಕಳಿಸಿದರು.

ಹದಿನೈದು ದಿನಕ್ಕೆ ಅವಳಿಗೆ ನೋಟೀಸು ಬಂತು. ಸಂಸ್ಥೆಯ ಅಮೂಲ್ಯ ಸಂಶೋಧನಾ ದಾಖಲೆಗಳನ್ನು ಅಜಾಗರೂಕತೆಯಿಂದ ನಾಶಪಡಿಸಿದ್ದೀರಿ ಎಂದು ಅದರಲ್ಲಿತ್ತು. ಮೂರು ಅರ್ಜಿಗಳ ಕಾಲದಲ್ಲಿ ಕೈಯಾಟವಾಗಿದ್ದದ್ದು ಇಲ್ಲವಾದ ಮೇಲೆ ಅಮೂಲ್ಯವಾಯಿತು. ಅವಳನ್ನು ತರಗತಿಯಿಂದ ತೆಗೆದು ಹಾಸ್ಟೆಲಿನ ಉಗ್ರಾಣಕ್ಕೆ ಹಾಕಿದರು. ಅಕ್ಕಿ, ಬೇಳೆ, ಹಾಸಿಗೆ ಲೆಕ್ಕ ಇಡುವ ಕೆಲಸ. ಮಕ್ಕಳ ಎದುರು ನಿಂತು ಕೈ ಎತ್ತುವ ಪ್ರಸಂಗ ಆಮೇಲೆ ಅವಳಿಗೆ ಬರಲಿಲ್ಲ.

ನಾನು ಪರಪ್ಪನ ಬಳಿಯೇ ಉಳಿದೆ. ಬೆಳ್ಳಿಹಬ್ಬದ ಚಿತ್ರವನ್ನು ಸೋಸಿ ಕೊಡುತ್ತೇನೆ ಎಂದಿದ್ದ, ಶಾಲೆಯವರು ಕೇಳಲಿಲ್ಲ, ಅವನೂ ಕೊಡಲಿಲ್ಲ. ಉಳಿದ ಜಾಗದಲ್ಲಿ ಮದುವೆ, ಸೀಮಂತ, ಜಾವಳ ತುಂಬುತ್ತ ಹೋದ. ಒಂದು ಮದುವೆ ಅಳಿಸಿ ಇನ್ನೊಂದು ಮದುವೆ. ಪ್ರತಿ ಸಲವೂ ಹಳೆಯ ಸನ್ನೆಗಳಲ್ಲಿ ಇನ್ನಷ್ಟು ಕೊಚ್ಚಿಹೋದವು. ಕಸ್ತೂರಿ ಆರು ತಿಂಗಳಿಗೊಮ್ಮೆ ಸ್ಟುಡಿಯೋದ ಮೆಟ್ಟಿಲು ಹತ್ತಿ ಬರುತ್ತಿದ್ದಳು. “ಆ ಡಿಸ್ಕು ಕೊಡ್ರಿ, ಹೊಸಾದು ತಂದು ಕೊಡ್ತೀನಿ” ಎನ್ನುತ್ತಿದ್ದಳು. “ಕೆಲಸ ನಡದೈತ್ರಿ ಅಕ್ಕೋರ, ಮುಂದಿನ ತಿಂಗಳು ಬರ್ರಿ” ಎನ್ನುತ್ತಿದ್ದ ಪರಪ್ಪ. ಹಟವೇನೂ ಇರಲಿಲ್ಲ ಅವನಿಗೆ. ತೆಗೆದು ಕೊಡುವುದಕ್ಕೆ ಸೋಮಾರಿತನ. ನಾಲ್ಕು ವರ್ಷ ಹಾಗೆ ಹೋಯಿತು.

ಒಂದು ದಿನ ಲಗ್ನದ ಮಂಟಪದಲ್ಲಿ ಯಾರದೋ ಕಾಲಿಗೆ ತಂತಿ ಸಿಕ್ಕು ನಾನು ಕುರ್ಚಿಯ ಮೇಲಿಂದ ಬಿದ್ದೆ. ಅಂದಿನಿಂದ ತಿರುಗುವಾಗ ಒಳಗೆ ಟಕ್ ಟಕ್ ಎಂಬ ಸದ್ದು. ಆಗ ಪರಪ್ಪ ತಾನೇ ಹಾಸ್ಟೆಲಿಗೆ ಬಂದು ನನ್ನನ್ನು ಕಸ್ತೂರಿಯ ಕೈಗೆ ಕೊಟ್ಟ. “ಸದ್ದು ಮಾಡಾಕತ್ತೈತಿ. ನೋಡ್ರಿ ಏನಾರ ಬಂದ್ರ” ಎಂದ. ಅವಳು ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದಳು.

ಫಕ್ಕೀರೇಶನ ಅಂಗಡಿಯಲ್ಲಿ ಮೂರು ದಿನ ಇದ್ದೆ. ಅವನು ಮೊದಲು ನನ್ನ ಮೈಯಲ್ಲಿ ಇದ್ದದ್ದನ್ನೆಲ್ಲ, ಹೆಸರಿದ್ದದ್ದು ಹೆಸರಿಲ್ಲದ್ದು, ಚೂರೂ ಬಿಡದೆ ಇನ್ನೊಂದು ಡಿಸ್ಕಿಗೆ ಇಳಿಸಿಕೊಂಡ. ಎಷ್ಟೋ ಕಡೆ ನನ್ನ ಕಡ್ಡಿ ಎಡವುತ್ತಿತ್ತು. ನಿಲ್ಲಿಸಿ, ತಣಿಸಿ, ಮತ್ತೆ ಓದಿಸುತ್ತಿದ್ದ. ಆ ರಾಶಿಯಲ್ಲಿ ಮದುವೆಗಳ ಸಂದಿಯಲ್ಲಿ, ಭಾಷಣದ ತುದಿಯಲ್ಲಿ, ಯಾರೂ ತುಳಿಯದೆ ಉಳಿದ ಜಾಗಗಳನ್ನು ಹುಡುಕಿದ. ಸಾವಿರದ ನೂರಾ ನಲವತ್ತರಲ್ಲಿ ನಲವತ್ತಮೂರು ಸಿಕ್ಕವು. ಕೆಲವು ಅರ್ಧ, ಕೆಲವು ಪೂರ್ತಿ. ಹೆಸರು ಒಂದಕ್ಕೂ ಇರಲಿಲ್ಲ. ಯಂತ್ರ ತಾನೇ ಒಂದು, ಎರಡು, ಮೂರು ಎಂದು ಅಂಕಿ ಕೊಟ್ಟಿತ್ತು.

ಕಸ್ತೂರಿ ಅಂಗಡಿಯ ಸ್ಟೂಲಿನ ಮೇಲೆ ಕೂತು ನೋಡಿದಳು. ನೋಡುತ್ತಲೇ ಹೆಸರು ಹೇಳಿದಳು: ಇದು ಉಪ್ಪು, ಇದು ನಾಚಿಕಿ, ಇದು ಬೇಸರ ಎರಡು. ಮೂವತ್ತೊಂದಕ್ಕೆ ಹೇಳಿದಳು. ಹನ್ನೆರಡಕ್ಕೆ ಹೇಳಲಾಗಲಿಲ್ಲ. ಕೆಲವು ಎರಡೂ ಕೈ ಏಳುವಲ್ಲಿಗೇ ಕಡಿದುಹೋಗಿದ್ದವು. ಕೆಲವು ಪೂರ್ತಿ ಇದ್ದವು, ಆದರೆ ಅವಳಿಗೆ ಮರೆತಿತ್ತು. ತೆಗೆದವಳು ಅವಳೇ. ಹೆಸರು ಬರೆದಿಟ್ಟಿದ್ದೇನಲ್ಲ ಎಂದು ನಂಬಿ ನೆನಪಿನಲ್ಲಿ ಇಟ್ಟುಕೊಂಡಿರಲಿಲ್ಲ.

“ಅವ್ವಗ ಗೊತ್ತಿರ್ತೈತಿ” ಎಂದಳು.

ಫಕ್ಕೀರೇಶ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ನಲವತ್ತಮೂರನ್ನೂ ನಕಲು ಮಾಡಿ ಕೊಟ್ಟ. ನನ್ನನ್ನೂ ಅದರ ಚೀಲದಲ್ಲೇ ಹಾಕಿದ. “ಇದನ್ನ ಇನ್ನ ಜೋಡಸಬ್ಯಾಡ್ರಿ ಅಕ್ಕೋರ. ಇದರದು ಮುಗೀತು” ಎಂದ.

ನೀಲವ್ವನನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಆ ದಿನವೇ. ಬಾಗಿಲ ಬೆಳಕು ಬೀಳುವಲ್ಲಿ ಮಂಚ. ಗೋಡೆಗೆ ಒರಗಿ ಕೂತಿದ್ದಳು, ಬಲಗೈ ಮಡಿಲಲ್ಲಿ ಯಾರೋ ಇಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. ಕಸ್ತೂರಿ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು, ನನ್ನನ್ನು ಪಕ್ಕದಲ್ಲಿಟ್ಟು, ಹನ್ನೆರಡರಲ್ಲಿ ಒಂದನ್ನು ಹಚ್ಚಿದಳು. ನೀಲಿ ಸೀರೆಯ ನೀಲವ್ವ ಕಿಟಕಿಯ ಬೆಳಕಿನಲ್ಲಿ ಎರಡೂ ಕೈಗಳನ್ನು ಎತ್ತಿ, ಬೆರಳುಗಳನ್ನು ಒಂದರೊಳಗೊಂದು ಸೇರಿಸಿ, ಮೆಲ್ಲಗೆ ಬಿಡಿಸಿ, ಕೆಳಗಿಳಿಸಿದಳು. ಹಾಗೆ ಇಳಿಸಿ ನಕ್ಕಳು. ಅಷ್ಟೇ ಇದ್ದದ್ದು.

ಕಸ್ತೂರಿ ಅವ್ವನ ಎದುರು ಕೂತು ಕೈಯಲ್ಲಿ ಕೇಳಿದಳು, ಇದು ಏನು ಎಂದು.

ನೀಲವ್ವ ಪರದೆಯನ್ನು ನೋಡಿದಳು. ಮತ್ತೊಮ್ಮೆ ಹಚ್ಚು ಎಂದು ಗದ್ದ ಎತ್ತಿದಳು. ಕಸ್ತೂರಿ ಹಚ್ಚಿದಳು. ಮೂರನೆಯ ಸಲವೂ ಹಚ್ಚಿದಳು. ನೀಲವ್ವನ ಎಡಗೈ ಎದ್ದಿತು, ಬೆರಳು ಬಿಡಿಸಿ ಗಾಳಿಯಲ್ಲಿ ಜೊತೆಗಾಗಿ ಕಾದಂತೆ ನಿಂತಿತು. ಅವಳಿಗೆ ಗೊತ್ತಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಒಂಟಿ ಕೈಯಲ್ಲಿ ಏನೋ ಮಾಡಿ ತೋರಿಸಿದಳು, ಕಸ್ತೂರಿಗೆ ಹೊಳೆಯಲಿಲ್ಲ. ಬೇರೆ ರೀತಿಯಲ್ಲಿ ಹೇಳಿದಳು, ಅದೂ ತಿಳಿಯಲಿಲ್ಲ. ಕಸ್ತೂರಿ ಊಹಿಸುತ್ತ ಹೋದಳು: ಗೆಳೆತನವೇ? ಮುರಿಯುವುದೇ? ಜಡೆಯೇ? ಪ್ರತಿ ಸಲವೂ ನೀಲವ್ವ ತಲೆ ಅಡ್ಡ ಆಡಿಸಿದಳು.

ಕೊನೆಗೆ ಎಡಗೈಯನ್ನು ಇಳಿಸಿ ಬಲಗೈಯ ಮೇಲೆ ಮುಚ್ಚಿಟ್ಟುಕೊಂಡಳು. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಕಿವಿ ಕೇಳುವವರು ಮುಖ ತಿರುಗಿಸಿದರೂ ಹಿಂದಿನಿಂದ ಮಾತಾಡಿಸಬಹುದು. ನೀಲವ್ವ ಮುಖ ತಿರುಗಿಸಿದರೆ ಮಾತು ಮುಗಿಯಿತು. ಕಸ್ತೂರಿ ಅವಳ ಹೆಗಲು ಮುಟ್ಟಿದಳು, ಅವಳು ತಿರುಗಲಿಲ್ಲ. ಆಮೇಲೆ ಎಂದೂ ಆ ಪರದೆಯನ್ನು ನೋಡಲು ಒಪ್ಪಲಿಲ್ಲ. ಮುಂದಿನ ವರ್ಷ ಯುಗಾದಿಗೆ ಮೊದಲು ತೀರಿಕೊಂಡಳು.

ಕಸ್ತೂರಿ ನಲವತ್ತಮೂರರ ಒಂದು ನಕಲನ್ನು ಶಾಲೆಗೆ ಒಯ್ದು ಕೊಟ್ಟಳಂತೆ. ಹೊಸ ಹೆಡ್‌ಮಾಸ್ತರರು ನಾಲ್ಕು ನೋಡಿ, ಇವು ಪಠ್ಯದಲ್ಲಿ ಇಲ್ಲವಲ್ಲ ಎಂದರಂತೆ. ಅವಳು ವಾದ ಮಾಡದೆ ಬಂದಳು. ಈಗ ಅವಳಿಗೂ ನಿವೃತ್ತಿಯಾಗಿದೆ.

ನಾನು ಅವಳ ಮನೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಇದ್ದೇನೆ. ಕೆಟ್ಟುಹೋದ ನನ್ನನ್ನು ಯಾಕೆ ಎಸೆದಿಲ್ಲವೋ ಅವಳಿಗೇ ಗೊತ್ತು. ಅವಳ ಕೈ ತಪ್ಪಿತು ಎನ್ನುವುದು ನಿಜ, ಅದನ್ನು ಅವಳು ಒಪ್ಪಿಕೊಂಡಳು. ಶೇಖರಪ್ಪನವರ ಕೈ ತಪ್ಪಲಿಲ್ಲ, ಬೇಕೆಂದೇ ಕೊಟ್ಟಿತು. ಅದರ ಬಗ್ಗೆ ಅವರನ್ನು ಯಾರೂ ಕೇಳಲಿಲ್ಲ. ಇನ್ನು ನನ್ನ ಮಾತು. ನಾನು ಏನನ್ನೂ ಬೇಡ ಎನ್ನಲಿಲ್ಲ. ವಿಧೇಯತೆ ದೊಡ್ಡ ಗುಣ ಎಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಕೆಲವು ಮಧ್ಯಾಹ್ನ ಕಸ್ತೂರಿ ಲ್ಯಾಪ್‌ಟಾಪು ತೆರೆದು ಹೆಸರಿಲ್ಲದ ಆ ಹನ್ನೆರಡನ್ನು ನೋಡುತ್ತಾಳೆ. ಒಂದೊಂದನ್ನೇ ನಿಲ್ಲಿಸಿ, ಪರದೆಯ ಕೈ ಎದ್ದಂತೆ ತನ್ನ ಕೈ ಎತ್ತುತ್ತಾಳೆ, ಅದು ತಿರುಗಿದಂತೆ ತಿರುಗಿಸುತ್ತಾಳೆ, ತಪ್ಪಿದರೆ ಮೊದಲಿಂದ ಮಾಡುತ್ತಾಳೆ. ಈಗ ಹನ್ನೆರಡೂ ಅವಳಿಗೆ ಬಾಯಿಪಾಠದಂತೆ ಕೈಗೆ ಬಂದಿವೆ. ತಾನು ಏನು ಹೇಳುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯದು.